ಸಿಂಪಿಯ ಹರ್ಪಿಸ್ ವೈರಸ್: ಜೀನೋಮ್ ಓದುವ ಮೊದಲು ಮತ್ತು ಓದಿದ ಮೇಲೆ

ಪೆಸಿಫಿಕ್ ಸಿಂಪಿಯ ಮರಿಗಳನ್ನು ಬೇಸಿಗೆಯಲ್ಲಿ ಕೆಲವೇ ದಿನಗಳಲ್ಲಿ ರಾಶಿಗಟ್ಟಲೆ ಕೊಲ್ಲುವ ಆಸ್ಟ್ರೀಡ್ ಹರ್ಪಿಸ್ ವೈರಸ್-1ರ ಮೊದಲ ಪೂರ್ಣ ಜೀನೋಮ್ (ಡಿಎನ್‌ಎಯ ಇಡೀ ಅನುಕ್ರಮ) ಪ್ರಕಟವಾದದ್ದು 2005ರಲ್ಲಿ. ಉದ್ದ 2,07,439 ಬೇಸ್ ಜೋಡಿ; ಬೇಸ್ ಎಂದರೆ ಡಿಎನ್‌ಎಯ ಒಂದು ಅಕ್ಷರ. 2008ರಲ್ಲಿ ಫ್ರಾನ್ಸ್‌ನಲ್ಲಿ ಮೈಕ್ರೊವೇರಿಯಂಟ್ ಎಂಬ ರೂಪ ಕಾಣಿಸಿಕೊಂಡಿತು. ಓಆರ್‌ಎಫ್4 ಎಂಬ ಜೀನಿನ ಪಕ್ಕ 12 ಬೇಸ್‌ಗಳು ಬಿಟ್ಟುಹೋಗಿರುವುದು ಅದರ ಗುರುತು. ಆದರೆ ಆ ಒಂದು ಗುರುತನ್ನಷ್ಟೇ ಪಿಸಿಆರ್‌ನಲ್ಲಿ ನೋಡಿದರೆ ವೈರಸ್ ಯಾವ ಕೊಲ್ಲಿಯಿಂದ ಯಾವ ಕೊಲ್ಲಿಗೆ ಬಂತು ಎಂದು ಹೇಳಲಾಗದು. ಅದಕ್ಕೆ ಇಡೀ ಜೀನೋಮ್ ಬೇಕು.

ಈ ವೈರಸ್ಸನ್ನು ಬೆಳೆಸಲು ಸಿಂಪಿಯ ಸ್ಥಿರ ಕೋಶಸಾಲು (ಪ್ರಯೋಗಾಲಯದಲ್ಲಿ ಸತತ ಬೆಳೆಯುವ ಕೋಶಗಳು) ಇಲ್ಲ. ಹಾಗಾಗಿ ಸೋಂಕು ತಗುಲಿದ ಅಂಗಾಂಶದಿಂದಲೇ ಡಿಎನ್‌ಎ ತೆಗೆಯಬೇಕು, ಅದರಲ್ಲಿ ಬಹುಪಾಲು ಸಿಂಪಿಯದ್ದೇ ಇರುತ್ತದೆ. ಮಾದರಿ ಆರಿಸುವ ಮುನ್ನ ಲೆಕ್ಕ ಹಾಕಿಕೊಳ್ಳಿ. ಒಂದು ನ್ಯಾನೊಗ್ರಾಂ ಶುದ್ಧ ವೈರಸ್ ಡಿಎನ್‌ಎಯಲ್ಲಿ ಜೀನೋಮಿನ ಸುಮಾರು 45 ಲಕ್ಷ ಪ್ರತಿಗಳಿರುತ್ತವೆ. ಪ್ರತಿಗಳನ್ನು ಎಣಿಸುವ ಕ್ಯೂಪಿಸಿಆರ್‌ನಲ್ಲಿ ನಿಮ್ಮ ಮಾದರಿಗೆ ನ್ಯಾನೊಗ್ರಾಂಗೆ 1 ಲಕ್ಷ ಪ್ರತಿ ಬಂದರೆ ವೈರಸ್ಸಿನ ಪಾಲು ಶೇ 2.2. ಸಾವಿರ ಪ್ರತಿ ಬಂದರೆ ಶೇ 0.02 ಮಾತ್ರ. ನೂರು ಪಟ್ಟು ಆಳಕ್ಕೆ, ಅಂದರೆ ವೈರಸ್ಸಿನ ಒಂದೊಂದು ಬೇಸನ್ನೂ ಸರಾಸರಿ ನೂರು ಸಲ ಓದಲು, ಮೊದಲನೆಯದರಲ್ಲಿ ಸುಮಾರು 94 ಕೋಟಿ ಬೇಸ್ ಓದಿದರೆ ಸಾಕು, ಎರಡನೆಯದರಲ್ಲಿ 9,400 ಕೋಟಿ ಓದಬೇಕು. ಪ್ರತಿ ಕಡಿಮೆ ಇರುವ ಮಾದರಿಗೆ ದುಡ್ಡು ಸುರಿಯುವ ಬದಲು ಬೇರೆ ಸಿಂಪಿ ಹುಡುಕುವುದೇ ಮೇಲು.

ಚಿಪ್ಪು ಬಾಯಿಬಿಟ್ಟು ಸತ್ತ ಸಿಂಪಿ ಬೇಡ. ವೈರಸ್ಸು ರೋಗನಿರೋಧಕ ಶಕ್ತಿ ಕುಗ್ಗಿಸಿದ ಮೇಲೆ ವಿಬ್ರಿಯೊ ಬ್ಯಾಕ್ಟೀರಿಯಾ ಒಳನುಗ್ಗುತ್ತದೆ. ಆಗ ನೀವು ಓದುವುದರಲ್ಲಿ ಅದರ ಡಿಎನ್‌ಎಯೂ ತುಂಬಿರುತ್ತದೆ. ಇನ್ನೂ ಜೀವವಿದ್ದು ಚಿಪ್ಪು ಬಿಗಿಯಾಗಿ ಮುಚ್ಚಲಾಗದ ಸಿಂಪಿಯ ಮ್ಯಾಂಟಲ್ (ಚಿಪ್ಪಿನ ಒಳಗಿನ ಮೃದು ಹೊದಿಕೆ) ಮತ್ತು ಕಿವಿರು ತೆಗೆದುಕೊಳ್ಳಿ. ವೈರಸ್ ಕಣಗಳನ್ನು ಬೇರ್ಪಡಿಸುವುದಾದರೆ ತಾಜಾ ಅಂಗಾಂಶವನ್ನು ಸೋಸಿದ ಸಮುದ್ರದ ನೀರಿನಲ್ಲಿ ಅರೆದು, ಸೆಂಟ್ರಿಫ್ಯೂಜ್ ಮಾಡಿ, 0.45, ಆಮೇಲೆ 0.22 ಮೈಕ್ರಾನ್ ಸೋಸಕದಲ್ಲಿ ಇಳಿಸಿ, ಕಣಗಳ ಹೊರಗುಳಿದ ಸಿಂಪಿಯ ಡಿಎನ್‌ಎಯನ್ನು ಡಿಎನ್‌ಏಸ್ ಎಂಬ ಡಿಎನ್‌ಎ ಕತ್ತರಿಸುವ ಕಿಣ್ವದಿಂದ ತೊಡೆಯಬೇಕು. ಇಲ್ಲಿ ಎರಡು ಕಡೆ ಕೆಲಸ ಕೆಡುತ್ತದೆ. ಪದೇ ಪದೇ ಹೆಪ್ಪುಗಟ್ಟಿ ಕರಗಿದ ಮಾದರಿಯಲ್ಲಿ ಕಣಗಳು ಒಡೆದಿರುತ್ತವೆ, ಡಿಎನ್‌ಏಸ್ ವೈರಸ್ಸಿನ ಡಿಎನ್‌ಎಯನ್ನೂ ತಿಂದುಹಾಕುತ್ತದೆ. ಕ್ಯಾಪ್ಸಿಡ್ (ವೈರಸ್ಸಿನ ಪ್ರೋಟೀನ್ ಕವಚ) ಒಡೆಯುವ ಮೊದಲು ಇಡಿಟಿಎ ಹಾಕಿ ಕಿಣ್ವವನ್ನು ನಿಲ್ಲಿಸದಿದ್ದರೂ ಅದೇ ಗತಿ. ಡಿಎನ್‌ಎ ಕಡಿಮೆ ಬಂತೆಂದು ಫೈ29 ಕಿಣ್ವದಿಂದ ಇಡೀ ಜೀನೋಮನ್ನು ಹಿಗ್ಗಿಸಬೇಡಿ. ಅದು ಸಂಬಂಧವಿಲ್ಲದ ತುಂಡುಗಳನ್ನು ಬೆಸೆದು, ಇಲ್ಲದ ಮರುಜೋಡಣೆಯನ್ನು ಇದೆಯೆಂದು ತೋರಿಸುತ್ತದೆ.

ನಿಜವಾದ ತೊಡಕು ರೀಡ್‌ಗಳನ್ನು, ಅಂದರೆ ಯಂತ್ರ ಓದಿಕೊಟ್ಟ ತುಂಡುಗಳನ್ನು, ಇಡೀ ಜೀನೋಮಾಗಿ ಜೋಡಿಸುವುದರಲ್ಲಿ. ಈ ಜೀನೋಮಿನಲ್ಲಿ ಉದ್ದ ಮತ್ತು ಗಿಡ್ಡ ಎಂಬ ಎರಡು ವಿಶಿಷ್ಟ ಭಾಗಗಳಿವೆ. ಉದ್ದ ಭಾಗದ ಎರಡೂ ಬದಿಗೆ ಸುಮಾರು 7,600 ಬೇಸ್‌ಗಳ, ಗಿಡ್ಡ ಭಾಗದ ಎರಡೂ ಬದಿಗೆ ಸುಮಾರು 9,800 ಬೇಸ್‌ಗಳ ತಲೆಕೆಳಗಾದ ಪುನರಾವರ್ತನೆಗಳಿವೆ (ಒಂದೇ ಅನುಕ್ರಮ ವಿರುದ್ಧ ದಿಕ್ಕಿನಲ್ಲಿ ಮತ್ತೆ ಬರುತ್ತದೆ). ಎರಡೂ ಭಾಗಗಳು ಸ್ವತಂತ್ರವಾಗಿ ತಿರುಗುವುದರಿಂದ ಒಂದೇ ವೈರಸ್ಸು ನಾಲ್ಕು ವಿನ್ಯಾಸಗಳಲ್ಲಿ, ಹೆಚ್ಚುಕಡಿಮೆ ಸಮಪಾಲಿನಲ್ಲಿ ಇರುತ್ತದೆ. 150 ಬೇಸ್‌ನ ರೀಡ್‌ಗಳು ಇದನ್ನು ದಾಟಲಾರವು; ಪುನರಾವರ್ತನೆಯ ಎರಡು ಪ್ರತಿಗಳು ಒಂದಾಗಿ ಮಡಚಿಕೊಂಡು, ಅಲ್ಲಿ ಆಳ ಇಮ್ಮಡಿ ಕಾಣುತ್ತದೆ. ಅದನ್ನು ಜೀನ್ ದ್ವಿಗುಣವಾಗಿದೆ ಎಂದು ಓದಬಾರದು. ಉದ್ದ ರೀಡ್ ಕೊಡುವ ನ್ಯಾನೊಪೋರ್ ಯಂತ್ರದಲ್ಲಿ 23,000 ಬೇಸ್ ಮೀರಿದ ರೀಡ್ ಸಿಕ್ಕರೆ ಗಿಡ್ಡ ಭಾಗ ಎರಡೂ ಪುನರಾವರ್ತನೆಗಳ ಸಮೇತ ಒಂದೇ ರೀಡ್‌ನಲ್ಲಿ ಬರುತ್ತದೆ. ಅಂಥ ರೀಡ್ ಬೇಕಿದ್ದರೆ ಡಿಎನ್‌ಎಯನ್ನು ವೋರ್ಟೆಕ್ಸ್ ಮಾಡದೆ (ಯಂತ್ರದಲ್ಲಿ ಜೋರಾಗಿ ಕಲಕದೆ), ಅಗಲ ಬಾಯಿಯ ಪಿಪೆಟ್ ಟಿಪ್‌ನಲ್ಲಿ ನಿಧಾನ ಎತ್ತಿ. ಒಂದೇ ಬೇಸ್ ಸಾಲಾಗಿ ಬರುವಲ್ಲಿ ನ್ಯಾನೊಪೋರ್ ಎಣಿಕೆ ತಪ್ಪುತ್ತದೆ, ಜೀನಿನ ಓದುಚೌಕಟ್ಟು (ಬೇಸ್‌ಗಳನ್ನು ಮೂರು ಮೂರಾಗಿ ಓದುವ ಕ್ರಮ) ಮುರಿದಂತೆ ಕಾಣುತ್ತದೆ. ಕಿರು ರೀಡ್‌ಗಳಿಂದ ತಿದ್ದಿ.

2005ರ ಜೀನೋಮಿಗೆ ರೀಡ್‌ಗಳನ್ನು ಹೊಂದಿಸಿ ಮುಗಿಸಿಬಿಡುವುದು ಸಾಮಾನ್ಯ ಅಭ್ಯಾಸ. ಹೋಲಿಕೆಗೆ ಆಧಾರವಾದ ಆ ಉಲ್ಲೇಖ ಜೀನೋಮಿನಲ್ಲಿ ಇಲ್ಲದ ಹೊಸ ತುಂಡು ವೈರಸ್ಸಿನಲ್ಲಿದ್ದರೆ ಅದರ ರೀಡ್‌ಗಳು ಹೊಂದದೆ ಸದ್ದಿಲ್ಲದೆ ಕಳೆದುಹೋಗುತ್ತವೆ. ಆದ್ದರಿಂದ ಮೊದಲು ಉಲ್ಲೇಖವಿಲ್ಲದೆ ಜೋಡಿಸಿ, ಆಮೇಲೆ ಹೋಲಿಸಿ. ಹೋಲಿಕೆಗೆ ಪುನರಾವರ್ತನೆಯ ಒಂದೊಂದೇ ಪ್ರತಿ ಉಳಿಸಿಕೊಂಡ ಜೀನೋಮ್ ಸಾಕು. ಒಂದೇ ಸಿಂಪಿಯಲ್ಲಿ ಹಲವು ರೂಪಗಳು ಒಟ್ಟಿಗಿರುವುದರಿಂದ ಅಂತಿಮ ಅನುಕ್ರಮದ ಜೊತೆ ಮೂಲ ರೀಡ್‌ಗಳನ್ನೂ ಡೇಟಾಬೇಸಿಗೆ ಸೇರಿಸಿ. ಅಲ್ಪಸಂಖ್ಯೆಯ ರೂಪಗಳು ಉಳಿದಿರುವುದು ಆ ರೀಡ್‌ಗಳಲ್ಲೇ.