ಸಡಿಲ ಚರ್ಮ, ನಿಲ್ಲದ ಹೊಲಿಗೆ: ಸಂಯೋಜಕ ಅಂಗಾಂಶದ ಕಾಯಿಲೆ ಇದ್ದವರಿಗೆ ಸೌಂದರ್ಯ ಶಸ್ತ್ರಚಿಕಿತ್ಸೆ

ಚರ್ಮ, ಕೀಲು, ರಕ್ತನಾಳಗಳನ್ನು ಹಿಡಿದಿಡುವ ಆಸರೆಯೇ ಸಂಯೋಜಕ ಅಂಗಾಂಶ; ಎಹ್ಲರ್ಸ್-ಡಾನ್ಲೋಸ್ ಸಿಂಡ್ರೋಮ್, ಮಾರ್ಫಾನ್‌ನಂಥ ವಂಶವಾಹಿ ಕಾಯಿಲೆಗಳಲ್ಲಿ ಅದು ದುರ್ಬಲವಾಗಿರುತ್ತದೆ. ಈ ಪಾಠ ಓದುವಾಗ ಒಂದು ಸಂಗತಿಯನ್ನು ಬಿಗಿಯಾಗಿ ಹಿಡಿದುಕೊಳ್ಳಿ: ರೋಗಿ ಯಾವ ದೋಷವನ್ನು ಸರಿಪಡಿಸಿಕೊಳ್ಳಲು ಬಂದಿದ್ದಾರೋ, ಶಸ್ತ್ರಚಿಕಿತ್ಸೆಯ ಗಾಯವನ್ನು ಮಾಯಿಸಬೇಕಾದ ಅಂಗಾಂಶದಲ್ಲೂ ಅದೇ ದೋಷವಿದೆ. ಜೋತು ಬಿದ್ದ ರೆಪ್ಪೆ, ವಯಸ್ಸಿಗೆ ಮೊದಲೇ ಸಡಿಲವಾದ ಕೆನ್ನೆ, ಅಗಲವಾಗಿ ಹರಡಿದ ಹಳೆಯ ಕಲೆ, ಇವುಗಳಿಗೆ ಪರಿಹಾರ ಬಯಸುವುದು ಅತ್ಯಂತ ಸಹಜ. ಅದನ್ನು ಆಡಂಬರ ಎಂದು ಯಾರೂ ತಳ್ಳಿಹಾಕಬಾರದು. ಆದರೆ ಚರ್ಮವನ್ನು ಎಳೆದು ಹೊಲಿಯುವುದಷ್ಟೇ ಶಸ್ತ್ರವೈದ್ಯರ ಕೈಯಲ್ಲಿರುವುದು. ಅದನ್ನು ಹಾಗೆಯೇ ಹಿಡಿದಿಡಬೇಕಾದದ್ದು ಕೊಲಾಜೆನ್ ಎಂಬ ಪ್ರೋಟೀನು. ಎಷ್ಟೇ ನುರಿತ ಕೈಯಾದರೂ ಬಿಗಿ ಮಾಡಿದ ಚರ್ಮ ಮತ್ತೆ ಸಡಿಲವಾಗಬಹುದು.

ಹಾಗಾಗಿ ಮೊದಲ ಪ್ರಶ್ನೆ 'ಮಾಡಿಸಬಹುದೇ' ಎಂಬುದಲ್ಲ, 'ಕಾಯಿಲೆ ಯಾವ ಬಗೆಯದು' ಎಂಬುದು. ಎಹ್ಲರ್ಸ್-ಡಾನ್ಲೋಸ್ ಸಿಂಡ್ರೋಮ್ ಒಂದೇ ಕಾಯಿಲೆಯಲ್ಲ. 2017ರ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಅದಕ್ಕೆ 13 ಬಗೆಗಳಿವೆ. ಕ್ಲಾಸಿಕಲ್ ಬಗೆಯಲ್ಲಿ ಚರ್ಮ ಮೃದುವಾಗಿ ಹಿಗ್ಗುತ್ತದೆ, ಗಾಯ ಬಾಯಿ ಬಿಡುತ್ತದೆ, ಕಲೆ ತೆಳು ಕಾಗದದಂತೆ ಸುಕ್ಕುಗಟ್ಟುತ್ತದೆ. ನಮ್ಮಲ್ಲಿ ಹಲವರು ಎಡವುವುದು ವ್ಯಾಸ್ಕ್ಯುಲರ್ (ರಕ್ತನಾಳದ) ಬಗೆಯಲ್ಲಿ. ಹೆಚ್ಚು ಹಿಗ್ಗುವ ಚರ್ಮವೇ ಹೆಚ್ಚು ಅಪಾಯಕಾರಿ ಎಂದು ಊಹಿಸುತ್ತೇವೆ. ಇಲ್ಲಿ ಚರ್ಮ ಅಷ್ಟಾಗಿ ಹಿಗ್ಗುವುದೇ ಇಲ್ಲ. ತೆಳುವಾಗಿ, ಒಳಗಿನ ರಕ್ತನಾಳಗಳು ಕಾಣುವಂತೆ ಇರುತ್ತದೆ. ಸಿಓಎಲ್3ಎ1 ವಂಶವಾಹಿಯ ದೋಷದಿಂದ ಅಪಧಮನಿ, ಕರುಳು, ಗರ್ಭಕೋಶ ಒಡೆಯುವ ಭಯವಿರುವ ಈ ಬಗೆಯಲ್ಲಿ, ಅನಿವಾರ್ಯವಲ್ಲದ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಮಾಡುವುದಿಲ್ಲ. ಕೀಲುಗಳು ಅತಿಯಾಗಿ ಬಾಗುವ ಹೈಪರ್‌ಮೊಬೈಲ್ ಬಗೆಗೆ ಕಾರಣವಾದ ವಂಶವಾಹಿ ಇನ್ನೂ ಖಚಿತವಾಗಿಲ್ಲ, ಆದ್ದರಿಂದ ಅದನ್ನು ಗುರುತಿಸುವುದು ದೇಹಪರೀಕ್ಷೆಯಿಂದಲೇ. ಮಾರ್ಫಾನ್ ಬೇರೆಯೇ ಕಾಯಿಲೆ. ಅಲ್ಲಿ ಎಕೋಕಾರ್ಡಿಯೋಗ್ರಾಮ್‌ನಲ್ಲಿ (ಹೃದಯದ ಸ್ಕ್ಯಾನ್) ಹೃದಯದಿಂದ ಹೊರಡುವ ಮಹಾಪಧಮನಿಯ ಬುಡದ ಅಗಲ ನೋಡದೆ ಮುಂದಿನ ಮಾತಿಲ್ಲ.

ಇನ್ನೊಂದು ಮುಖ್ಯ ವಿಷಯ ರಕ್ತ ಪರೀಕ್ಷೆ. ಸಣ್ಣ ಪೆಟ್ಟಿಗೂ ಮೈ ನೀಲಿಗಟ್ಟುವ ಈ ರೋಗಿಗಳಲ್ಲಿ ಪ್ಲೇಟ್‌ಲೆಟ್ ಎಣಿಕೆ, ರಕ್ತ ಹೆಪ್ಪುಗಟ್ಟುವ ಪರೀಕ್ಷೆಗಳು ಬಹುಪಾಲು ಸಹಜವಾಗಿಯೇ ಬರುತ್ತವೆ. ತೊಂದರೆ ಇರುವುದು ರಕ್ತದಲ್ಲಲ್ಲ, ನಾಳದ ಗೋಡೆಯಲ್ಲಿ ಮತ್ತು ಅದರ ಸುತ್ತಲಿನ ಆಸರೆಯಲ್ಲಿ. 'ವರದಿ ಚೆನ್ನಾಗಿದೆ' ಎಂಬ ಮಾತಿಗೆ ಇಲ್ಲಿ ನೆಮ್ಮದಿ ಪಡುವಂತಿಲ್ಲ. ಕತ್ತಿ ಮುಟ್ಟದ, ಚರ್ಮದಡಿ ತುಂಬುವ ಫಿಲ್ಲರ್ ಚುಚ್ಚುಮದ್ದಿಗೂ ಇದು ಅನ್ವಯಿಸುತ್ತದೆ.

ಕಡಿಮೆ ಅಪಾಯದ ಬಗೆ ಎಂದು ಖಚಿತವಾಗಿ, ಶಸ್ತ್ರಚಿಕಿತ್ಸೆಗೆ ತೀರ್ಮಾನಿಸಿದರೆ ಹೊಲಿಗೆಯ ಕ್ರಮವೇ ಬದಲಾಗುತ್ತದೆ. ಎಳೆತ ಬೀಳದಂತೆ ಪದರ ಪದರವಾಗಿ ಹೊಲಿಯಬೇಕು, ಹೊಲಿಗೆಯನ್ನು ವಾಡಿಕೆಗಿಂತ ಸುಮಾರು ಎರಡು ಪಟ್ಟು ಕಾಲ ಉಳಿಸಬೇಕು, ಮೇಲಿಂದ ಪಟ್ಟಿಯ ಆಸರೆ ಕೊಡಬೇಕು. ಕೆಲವರಿಗೆ ಸ್ಥಳೀಯ ಅರಿವಳಿಕೆ ಸರಿಯಾಗಿ ಹತ್ತುವುದಿಲ್ಲ. 'ನೋಯುತ್ತಿದೆ' ಎಂದರೆ ನಂಬಬೇಕು. ಪ್ರಜ್ಞೆ ತಪ್ಪಿಸಿದಾಗ ಸಡಿಲವಾದ ಕುತ್ತಿಗೆ, ದವಡೆ, ಭುಜಗಳ ಕೀಲು ಜಾರದಂತೆ ಅರಿವಳಿಕೆ ತಜ್ಞರಿಗೆ ಮುಂಚೆಯೇ ತಿಳಿಸಿರಬೇಕು.

ಬೆಂಗಳೂರಿನಲ್ಲಿ ಇರುವ ನಮಗೆ ದಾರಿಗಳಿವೆ. ಎಲೆಕ್ಟ್ರಾನಿಕ್ ಸಿಟಿಯ ಮಾನವ ತಳಿವಿಜ್ಞಾನ ಕೇಂದ್ರದಲ್ಲಿ ವಂಶವಾಹಿ ಸಲಹೆ ಸಿಗುತ್ತದೆ; ಮಹಾಪಧಮನಿಯ ಪರೀಕ್ಷೆಗೆ ಜಯದೇವ ಹೃದ್ರೋಗ ಸಂಸ್ಥೆಯಿದೆ. ಇವೆರಡರ ನಂತರ ಪ್ಲಾಸ್ಟಿಕ್ ಸರ್ಜನ್ ಬಳಿಗೆ ಹೋಗುವುದು ನನ್ನ ದೃಷ್ಟಿಯಲ್ಲಿ ಸರಿಯಾದ ಕ್ರಮ. ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಯು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಿದೆಯೇ, ವೈದ್ಯರಿಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ ಅರ್ಹತೆ ಇದೆಯೇ, ರಾತ್ರಿ ರಕ್ತಸ್ರಾವವಾದರೆ ಯಾರು ನೋಡುತ್ತಾರೆ ಎಂದು ಕೇಳಲು ಸಂಕೋಚ ಬೇಡ.

ಸಮಾಲೋಚನೆಯಲ್ಲಿ ರೋಗಿಯ ಮುಖಕ್ಕಿಂತ ಮೊದಲು ಮೊಣಕಾಲು, ಹಣೆ, ಕಣಕಾಲಿನ ಮುಂಭಾಗಗಳಲ್ಲಿರುವ ಹಳೆಯ ಕಲೆಗಳನ್ನು ನೋಡಿ. ಬಾಲ್ಯದಲ್ಲಿ ಬಿದ್ದ ಗಾಯ, ಹಲ್ಲು ಕಿತ್ತಾಗಿನ ರಕ್ತಸ್ರಾವ, ಹೆರಿಗೆಯ ಹೊಲಿಗೆ ಹೇಗೆ ಮಾಯಿತು ಎಂದು ವಿವರವಾಗಿ ಕೇಳಿ. ಕಲೆ ಅಗಲವಾಗಿ ತೆಳುವಾಗಿದ್ದರೆ, ಹೊಸ ಗಾಯವೂ ಬಹುಶಃ ಹಾಗೆಯೇ ಮಾಯುತ್ತದೆ ಎಂದು ಅವರಿಗೆ ಆಗಲೇ ಹೇಳಬೇಕು.