ಎಲುಬಿನ ವಯಸ್ಸು ಮಣ್ಣಿನಲ್ಲಿದೆ

ಕುಮಟಾ, ಹೊನ್ನಾವರ ಕಡೆ ಬಾವಿ ತೋಡಿದರೆ ಮೊದಲು ಕೆಂಪು ಮಣ್ಣು, ಅದರಡಿ ಚಿರೆಕಲ್ಲು. ನಮ್ಮ ಮನೆಯ ಬಾವಿ ತೋಡುವಾಗ ನಾನು ಸಣ್ಣವ. ಮೇಲೆ ಬಂದ ಪ್ರತಿ ಬುಟ್ಟಿ ಮಣ್ಣನ್ನೂ ಕೆದಕಿ ನೋಡುತ್ತಿದ್ದೆ, ಹಳೆಯ ಎಲುಬೇನಾದರೂ ಸಿಕ್ಕೀತೆಂದು. ಒಂದು ಚೂರೂ ಸಿಗಲಿಲ್ಲ. ಕಾರಣ ಆಮೇಲೆ ತಿಳಿಯಿತು: ನಮ್ಮದು ಹುಳಿ ಮಣ್ಣು, ಮೇಲಿಂದ ಜಡಿಮಳೆ. ಎಲುಬಿನ ಸುಣ್ಣದಂಶ ಕರಗಿಹೋಗುತ್ತದೆ. ಹಾಗೆಂದು ಇಲ್ಲಿ ಆದಿಮಾನವರು ಓಡಾಡಿರಲಿಲ್ಲ ಎನ್ನುವಂತಿಲ್ಲ.

ಆದಿಮಾನವರ ಎಲುಬು ಸಿಕ್ಕ ಕಡೆಯೂ ಅದರ ವಯಸ್ಸು ಸುಲಭಕ್ಕೆ ಸಿಕ್ಕಿದ್ದಲ್ಲ. 1891ರಲ್ಲಿ ಇಂಡೋನೇಷ್ಯಾದ ಜಾವಾ ದ್ವೀಪದ ತ್ರಿನಿಲ್‌ನಲ್ಲಿ ಡಚ್ ವೈದ್ಯ ಯೂಜೀನ್ ದ್ಯೂಬ್ವಾ ಅವರಿಗೆ ಆದಿಮಾನವನ ಬುರುಡೆಯ ಮೇಲ್ಭಾಗ ದೊರೆತಾಗ, ಅದು ಯಾವ ಪದರದಲ್ಲಿತ್ತು, ಜೊತೆಗೆ ಯಾವ ಪ್ರಾಣಿಗಳ ಎಲುಬಿದ್ದವು ಎಂಬುದರ ಮೇಲೇ ಅಂದಾಜು. ಈ ಕೊರತೆಯಿಂದಲೇ ಇಂಗ್ಲೆಂಡಿನ ಪಿಲ್ಟ್‌ಡೌನ್ ವಂಚನೆ 1912ರಿಂದ 1953ರ ತನಕ ಬಾಳಿತು. ಮನುಷ್ಯನ ಬುರುಡೆಗೆ ಒರಾಂಗುಟಾನ್ ಎಂಬ ವಾನರದ ದವಡೆ ಜೋಡಿಸಿ ಆದಿಮಾನವನೆಂದು ನಂಬಿಸಿದ್ದರು.

1949ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ವಿಲ್ಲರ್ಡ್ ಲಿಬ್ಬಿ ತಂಡದ ಕಾರ್ಬನ್ ವಿಧಾನ ಬಂತು: ಸತ್ತ ಜೀವಿಯಲ್ಲಿ ವಿಕಿರಣ ಸೂಸುವ ಕಾರ್ಬನ್-14 ಎಷ್ಟು ಉಳಿದಿದೆ ಎಂದು ಅಳೆಯುವುದು. ಕೈಗಾ ಅಣುಸ್ಥಾವರದ ಪಕ್ಕದಲ್ಲೇ ಇರುವ ಕಾರವಾರದವರಿಗೆ ಅರ್ಧಾಯು, ಅಂದರೆ ಅಂಥ ವಸ್ತು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಹೊಸ ಮಾತಲ್ಲ. ಈ ಕಾರ್ಬನ್ನಿನದು 5,730 ವರ್ಷ. ಹಾಗಾಗಿ ಸುಮಾರು 50,000 ವರ್ಷದಾಚೆಗೆ ಅದು ಕೈಕೊಡುತ್ತದೆ. ಅದಕ್ಕೂ ಹಿಂದಿನ ಲೆಕ್ಕ ಕೊಟ್ಟದ್ದು ಜ್ವಾಲಾಮುಖಿಯ ಬೂದಿ. ತಾಂಜಾನಿಯಾದ ಓಲ್ಡುವಾಯ್‌ನಲ್ಲಿ 1959ರಲ್ಲಿ ಮೇರಿ ಲೀಕಿ ಕಂಡ ಬುರುಡೆಗೆ 1961ರಲ್ಲಿ ಪೊಟ್ಯಾಸಿಯಂ–ಆರ್ಗಾನ್ ವಿಧಾನ (ಬೂದಿಯಲ್ಲಿನ ಪೊಟ್ಯಾಸಿಯಂ ನಿಧಾನಕ್ಕೆ ಎಷ್ಟು ಆರ್ಗಾನ್ ಅನಿಲವಾಗಿದೆ ಎಂದು ಅಳೆಯುವುದು) 17.5 ಲಕ್ಷ ವರ್ಷ ಎಂದಿತು.

ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಮೊರಾಕ್ಕೋದ ಜೆಬೆಲ್ ಇರ್ಹೂದ್. 1961ರಲ್ಲಿ ಅಲ್ಲಿ ಗಣಿ ಕೆಲಸದವರಿಗೆ ಸಿಕ್ಕ, ನಮ್ಮದೇ ಕುಲದ (ಹೋಮೋ ಸೇಪಿಯನ್ಸ್) ಬುರುಡೆಗೆ ಮೊದಲು ಸುಮಾರು 40,000 ವರ್ಷ ಎಂದರು. ಮತ್ತೆ ಅಗೆದಾಗ ಅದೇ ಪದರದಲ್ಲಿ ಬೆಂಕಿಗೆ ಸುಟ್ಟ ಚಕಮಕಿ ಕಲ್ಲುಗಳು ಸಿಕ್ಕವು. ಮಣ್ಣಿನ ವಿಕಿರಣ ಕಲ್ಲಿನೊಳಗೆ ಸ್ವಲ್ಪಸ್ವಲ್ಪವೇ ಕೂಡಿಕೊಳ್ಳುತ್ತದೆ. ಬೆಂಕಿಗೆ ಬಿದ್ದರೆ ಆ ಗಂಟು ಬರಿದಾಗಿ ಲೆಕ್ಕ ಮೊದಲಿನಿಂದ ಶುರು. ಪ್ರಯೋಗಾಲಯದಲ್ಲಿ ಮತ್ತೆ ಕಾಯಿಸಿದಾಗ ಕಲ್ಲು ಸಣ್ಣಗೆ ಬೆಳಕು ಸೂಸುತ್ತದೆ; ಆ ಬೆಳಕನ್ನೂ ಸುತ್ತಲ ಮಣ್ಣಿನ ವಿಕಿರಣವನ್ನೂ ಅಳೆದರೆ ವರ್ಷ ಸಿಗುತ್ತದೆ. 2017ರಲ್ಲಿ ಉತ್ತರ ಬಂತು: ಸುಮಾರು 3,15,000 ವರ್ಷ. ಯಾರೋ ಹಚ್ಚಿದ ಒಲೆ ನಮ್ಮ ಕುಲದ ವಯಸ್ಸು ಹೇಳಿತು!

ನಮ್ಮ ದೇಶದಲ್ಲಿ ಭೂವಿಜ್ಞಾನಿ ಅರುಣ್ ಸೋನಾಕಿಯಾ 1982ರಲ್ಲಿ ಮಧ್ಯಪ್ರದೇಶದ ನರ್ಮದಾ ತೀರದ ಹಥ್ನೋರಾದಲ್ಲಿ ಕಂಡ ಆದಿಮಾನವನ ಬುರುಡೆಯ ಕಾಲ ಇನ್ನೂ ಚರ್ಚೆಯಲ್ಲಿದೆ. ಹೊಳೆ ಹೊತ್ತು ತಂದ ಜಲ್ಲಿಯಲ್ಲಿ ಯಾವುದು ಎಲ್ಲಿಯದೋ. ನಮ್ಮದೇ ರಾಜ್ಯದ ಹುಣಸಗಿ ಬಳಿಯ ಇಸಾಂಪುರ ಸುಣ್ಣಕಲ್ಲಿನ ಸೀಮೆ; ನಮ್ಮ ಹುಳಿ ಮಣ್ಣಿನಂತಲ್ಲ, ಎಲುಬು, ಹಲ್ಲು ಉಳಿಯುತ್ತವೆ. ಅಲ್ಲಿ ಕಲ್ಲಿನ ಆಯುಧಗಳ ಜೊತೆ ಸಿಕ್ಕ ಪ್ರಾಣಿಗಳ ಹಲ್ಲಿನಿಂದ ಸುಮಾರು 12 ಲಕ್ಷ ವರ್ಷದ ಲೆಕ್ಕ ಬಂದಿದೆ.

ಯಾಣದ ಬಂಡೆಗಳೂ ಸುಣ್ಣಕಲ್ಲೇ. ಅಂಥಲ್ಲಿ ಹಳೆಯ ಎಲುಬು, ಹಲ್ಲು ಕಣ್ಣಿಗೆ ಬಿದ್ದರೆ ದಯವಿಟ್ಟು ಎತ್ತಿಕೊಳ್ಳಬೇಡಿ. ಇದ್ದಲ್ಲೇ ಫೋಟೊ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ.