ಬೇಲಿಗೆ ದುಡ್ಡು ಕೊಡೋದಾ, ಹೂವಿಗಾ?

ಹಳ್ಳಿಗಾಡಿನ ನೆಲ, ಹುಲ್ಲುಗಾವಲು, ಕೆರೆಕುಂಟೆ ಉಳಿಸುವ ಯೋಜನೆಗಳಿಗೆ ಹಣ ಕೇಳಿ ಬರುವ ಅರ್ಜಿ ಓದುವುದು ನನ್ನ ಕೆಲಸ. ಹೆಚ್ಚಿನ ಅರ್ಜಿಗಳಲ್ಲಿ ಒಂದೇ ಲೆಕ್ಕ: ಇಷ್ಟು ಸಸಿ, ಇಷ್ಟು ಮೀಟರ್ ಬೇಲಿ, ಇಷ್ಟು ತರಬೇತಿ. ಹಕ್ಕಿ ಬಂತಾ, ಹೂ ಬಿಟ್ಟಿತಾ ಅಂತ ಬರೆಯಲು ಜಾಗವೇ ಇರುವುದಿಲ್ಲ. ಅರ್ಜಿ ಹಾಕಿದವರನ್ನು ಬೈದು ಏನು ಬಂತು? ಫಾರಂ ಮಾಡಿದವರು ಹಣ ಕೊಡುವ ನಾವೇ ಅಲ್ವಾ!

ಈ ಲೆಕ್ಕವನ್ನು ಬದಲಿಸಿದ ಜಾಗ ಐರ್ಲೆಂಡಿನ ಪಶ್ಚಿಮದಲ್ಲಿರುವ ಬರೆನ್. ಸುಣ್ಣಕಲ್ಲಿನ ಗುಡ್ಡಗಳ ನಾಡು. ಅಲ್ಲಿ ದನಗಳನ್ನು ಗುಡ್ಡಕ್ಕೆ ಅಟ್ಟುವುದು ಚಳಿಗಾಲದಲ್ಲಿ. ಅವು ಹಳೆ ಹುಲ್ಲನ್ನು ಮೇಯ್ದರೆ ಮುಂದೆ ಹೂಗಿಡಗಳಿಗೆ ಬಿಸಿಲು ಸಿಗುತ್ತದೆ. ಮೇಯುವುದು ಕಡಿಮೆಯಾದ ಕಡೆ ಪೊದೆ ನುಗ್ಗಿತು. ದನ ಹೊರಗಿಟ್ಟರೆ ಪ್ರಕೃತಿ ಉಳಿಯುತ್ತದೆ ಅಂದುಕೊಂಡವರು ಇದನ್ನು ನೋಡಬೇಕು. 2005ರಲ್ಲಿ ರೈತರ ಜೊತೆ ಸೇರಿ ಅಲ್ಲಿ ಪ್ರಯೋಗ ಶುರುವಾಯಿತು. ಆಮೇಲೆ ಒಂದೊಂದು ಹುಲ್ಲುಗಾವಲಿಗೂ ಅದರ ಸ್ಥಿತಿ ನೋಡಿ 1ರಿಂದ 10ರವರೆಗೆ ಅಂಕ ಕೊಡುವ ಪದ್ಧತಿ ಬಂತು. ಅಂಕ ಏರಿದರೆ ರೈತನಿಗೆ ಸಿಗುವ ಹಣವೂ ಏರುತ್ತದೆ. ಅಂಕ ಏರಿಸುವ ದಾರಿ ರೈತನದೇ. ಪೊದೆ ಕಡಿಯಲು, ಕಲ್ಲುಗೋಡೆ ಕಟ್ಟಲು ಬೇರೆ ಹಣ ಇತ್ತು. ಆದರೆ ಅದರಲ್ಲಿ ರೈತನೂ ಒಂದು ಪಾಲು ಹಾಕಬೇಕಿತ್ತು. ನನಗೆ ತುಂಬಾ ಹಿಡಿಸಿದ್ದು ಇದೇ. ಕೈಯಿಂದ ಹಾಕಿದವನು ಸುಮ್ನೆ ಗೋಡೆ ಕಟ್ಟುವುದಿಲ್ಲ.

ಬರೀ ಅಂಕ ನೋಡಿ ಹಣ ಕೊಡುವುದರಲ್ಲಿ ಒಂದು ತೊಡಕಿದೆ. ಬರ ಬಂದರೆ ರೈತನ ತಪ್ಪಿಲ್ಲದೆಯೂ ಅಂಕ ಇಳಿಯುತ್ತದೆ. ಅದಕ್ಕೇ ಒಂದು ಭಾಗ ಖಾತ್ರಿ ಹಣ, ಉಳಿದದ್ದು ಅಂಕದ ಮೇಲೆ ಅಂತ ಇಡುವುದು ನ್ಯಾಯ.

ನೆಲವನ್ನು ಕೊಳ್ಳಲೇಬೇಕು ಅಂತಲೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 2014ರಿಂದ ಭತ್ತದ ಗದ್ದೆಗಳನ್ನು ಕೆಲವೇ ವಾರ ವಲಸೆ ಹಕ್ಕಿಗಳಿಗೆ ಬಾಡಿಗೆಗೆ ಹಿಡಿಯುತ್ತಿದ್ದಾರೆ. ಅದೂ ಉಲ್ಟಾ ಹರಾಜಿನಲ್ಲಿ: ಹಕ್ಕಿಗಳಿಗಾಗಿ ಗದ್ದೆಯಲ್ಲಿ ನೀರು ತುಂಬಿಸಿಡಲು ಎಷ್ಟು ಹಣ ಬೇಕು ಅಂತ ರೈತರೇ ಬರೆದು ಕೊಡುತ್ತಾರೆ. ಯಾವ ಗದ್ದೆ ಹಕ್ಕಿಗೆ ಒಳ್ಳೆಯದು, ಬೆಲೆ ಎಷ್ಟು ಅಂತ ನೋಡಿ ಆರಿಸುತ್ತಾರೆ.

ಬಾಡಿಗೆ ಮುಗಿದ ಮೇಲೆ? ಅಮೆರಿಕದಲ್ಲಿ 1985ರಿಂದ ಉಳುಮೆ ಬಿಟ್ಟು ಹುಲ್ಲು, ಮರ ಬೆಳೆಸುವ ರೈತರಿಗೆ 10–15 ವರ್ಷದ ಕರಾರಿನ ಮೇಲೆ ಹಣ ಕೊಡುತ್ತಾರೆ. 2007ರ ಹೊತ್ತಿಗೆ ಇಂಥ ನೆಲ 3.6 ಕೋಟಿ ಎಕರೆ ದಾಟಿತ್ತು. ಆಮೇಲೆ ಮೆಕ್ಕೆಜೋಳ, ಸೋಯಾ ಬೆಲೆ ಏರಿತು. ಕರಾರು ಮುಗಿದ ಎಷ್ಟೋ ಹೊಲಗಳಿಗೆ ಮತ್ತೆ ನೇಗಿಲು ಬಿತ್ತು.

ಹಾಗಾಗಿ ಈಗ ಅರ್ಜಿಯಲ್ಲಿ ನಾನು ಮೊದಲು ನೋಡುವುದು ಕೊನೆ ಪುಟ. ಹಣ ನಿಂತ ಮರುವರ್ಷ ಬೇಲಿ ರಿಪೇರಿ ಯಾರದು, ಹಕ್ಕಿ ಎಣಿಸುವವರು ಯಾರು, ಅವರಿಗೆ ಕೂಲಿ ಎಲ್ಲಿಂದ? ನಮ್ಮ ಕಡೆಯದೂ ಒಂದು ತಪ್ಪಿದೆ. ಮೊದಲು ಖರ್ಚು ಮಾಡಿ, ರಸೀದಿ ತನ್ನಿ, ಆಮೇಲೆ ಕೊಡುತ್ತೇವೆ ಅನ್ನುತ್ತೇವೆ. ಸಣ್ಣ ರೈತರ ಗುಂಪು ಅಲ್ಲೇ ಅರ್ಜಿ ಮಡಚಿ ಎದ್ದು ಹೋಗುತ್ತದೆ.